ಫೋರ್ತ್ ಬ್ಲಾಕ್ ಬ್ಯಾಂಡಿನಲ್ಲೊಂದು ಕಳಪೆ ಹುದ್ದೆ

ರಾಕ್ ಬ್ಯಾಂಡ್ ಅಂದರೆ ನಾಲ್ಕು ಜನ. ಅದರಲ್ಲಿ ಮೂವರು ಚೆನ್ನಾಗಿ ಬಾರಿಸುತ್ತಾರೆ, ಒಬ್ಬ ಚೆನ್ನಾಗಿ ನಿಂತಿರುತ್ತಾನೆ. ಈ ನಿಯಮಕ್ಕೆ ಲಂಡನ್ನೂ ಹೊರತಲ್ಲ, ರಾಜಾಜಿನಗರವೂ ಹೊರತಲ್ಲ.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ರಾಜಾಜಿನಗರದಲ್ಲಿ ‘ದಿ ಫೋರ್ತ್ ಬ್ಲಾಕ್’ ಎಂಬ ಬ್ಯಾಂಡೊಂದು ಇತ್ತು. ನಾಲ್ಕನೇ ಬ್ಲಾಕಿನಲ್ಲಿ ಹುಟ್ಟಿದ್ದಕ್ಕೆ ಆ ಹೆಸರು. ಕಂಟೋನ್ಮೆಂಟಿನ ಬ್ಯಾಂಡಿನವರು ಮಾತ್ರ ಅದು ತಲೆಯೊಳಗಿನ ಬ್ಲಾಕು ಇರಬೇಕು ಎಂದು ತಿಳಿದಿದ್ದರು. ಬ್ಯಾಂಡು ಕಟ್ಟಿದವನು ರೇವಣಸಿದ್ದಪ್ಪ. ಹಾಡುವವನೂ ಅವನೇ. ಅಷ್ಟುದ್ದದ ಹೆಸರು ಪೋಸ್ಟರಿನಲ್ಲಿ ಹಿಡಿಸುವುದಿಲ್ಲವೆಂದು ಸಿದ್ದಪ್ಪನನ್ನು ಕತ್ತರಿಸಿ, ವಣವನ್ನೂ ಬಿಟ್ಟು, ‘ರೇ’ ಎಂದಷ್ಟೇ ಉಳಿಸಿಕೊಂಡಿದ್ದ. ಮನೆಯಲ್ಲಿ ಅವನ ಅಜ್ಜಿಗೆ ಇದು ಅರ್ಥವಾಗದೆ, ‘ಅಲೆಲೇ, ಹುಡುಗನ ಹೆಸರಿನಾಗ ಬರೇ ಬೈಗುಳದ ಬಾಲ ಉಳೀತಲ್ಲ’ ಎಂದು ಕೊರಗಿದ್ದಳು.

ಡ್ರಮ್ಸಿಗೆ ಅಂಜಿನಯ್ಯ. ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ. ನೂರಾರು ಮಗ್ಗಗಳು ಒಟ್ಟಿಗೆ ಕುಟ್ಟುವ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ನಿಂತವನಿಗೆ ತಾಳ ತಪ್ಪುವುದು ಹೇಗೆಂದೇ ಗೊತ್ತಿರಲಿಲ್ಲ. ಮೆಲ್ಲಗೆ ಮಾತಾಡುವುದೂ ಗೊತ್ತಿರಲಿಲ್ಲ. ಗಿಟಾರಿಗೆ ದೊಡ್ಡಹನುಮಯ್ಯ. ವಿಜಯನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಗಿಟಾರನ್ನೂ ಆಂಪ್ಲಿಫೈಯರನ್ನೂ ತಾನೇ ಮಾಡಿಕೊಂಡವನು. ಕೈಗೆ ಗಿಟಾರು ಬಂದರೆ ಕಂಟೋನ್ಮೆಂಟಿನವರೂ ಬಾಯಿ ಮುಚ್ಚುತ್ತಿದ್ದರು. ಅವನಂತೂ ಸದಾ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ. ಎಲ್ಲರೂ ಅವನನ್ನು ‘ದೊಡ್ಡ’ ಎನ್ನುತ್ತಿದ್ದರು.

ಇನ್ನುಳಿದವನು ಬೇಸ್ ಗಿಟಾರಿನ ಗುರುಸಿದ್ದಯ್ಯ.

ಪಶ್ಚಿಮ ಬೆಂಗಳೂರಿನಲ್ಲಿ ಹುಡುಗರೆಲ್ಲ ಒಬ್ಬರನ್ನೊಬ್ಬರು ‘ಗುರು’ ಎಂದೇ ಕರೆಯುವುದರಿಂದ ಈ ಗುರುಸಿದ್ದಯ್ಯ ಮನೆಯಿಂದ ಬಸ್ ಸ್ಟಾಪು ಮುಟ್ಟುವುದರೊಳಗೆ ಹತ್ತು ಸಲ ತಿರುಗಿ ನೋಡುತ್ತಿದ್ದ. ಯಾವ ‘ಗುರೂ’ ತನ್ನದಾಗಿರಬಹುದೋ, ತಿರುಗದಿದ್ದರೆ ಕರೆದವರಿಗೆ ಬೇಜಾರಾದೀತು. ಅಷ್ಟು ಮರ್ಯಾದಸ್ಥ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬಾಗಿಲಲ್ಲಿ ನಾಲ್ವರು ನಿಂತಿದ್ದರೆ ಮೂವರನ್ನು ಒಳಗೆ ಬಿಟ್ಟು ತಾನು ಕೊನೆಗೆ ಬರುವವನು. ಊಟಕ್ಕೆ ಕೂತರೆ ಪಕ್ಕದವರು ತುತ್ತೆತ್ತಿದ ಮೇಲೆ ತಾನು ಎತ್ತುವವನು. ಡ್ರಮ್ಮಿನ ಜೊತೆಗೇ ಮೊಳಗಬೇಕಾದ ದಪ್ಪ ತಂತಿಯ ಬೇಸ್ ಬಾರಿಸುವಾಗಲೂ ಅದೇ. ಅಂಜಿನಯ್ಯ ಹೊಡೆಯಲಿ, ದೊಡ್ಡ ಮೀಟಲಿ, ರೇವಣ ಶುರುಮಾಡಲಿ, ದೊಡ್ಡವರೆಲ್ಲ ಮುಂದೆ ಹೋಗಲಿ ಎಂದು ಕಾದು, ಅರ್ಧ ಪೆಟ್ಟು ತಡವಾಗಿ ‘ಢುಂ’ ಎನ್ನಿಸುತ್ತಿದ್ದ. ಮಿಕ್ಕ ಮೂವರು ಹಾಡುತ್ತಿದ್ದರೆ ಇವನೊಬ್ಬ ಆ ಹಾಡಿಗೆ ಉತ್ತರ ಬರೆಯುತ್ತಿದ್ದಂತೆ ಕೇಳಿಸುತ್ತಿತ್ತು.

ಅವನ ತಾಯಿ ಶಾಂತವ್ವ ಹುಬ್ಬಳ್ಳಿ ಕಡೆಯವರು. ‘ಅವ್ವಾ, ನಾನು ಬೇಸ್ ಬಾರಿಸ್ತೀನಿ’ ಎಂದು ಮಗ ಹೇಳಿದ್ದನ್ನು ಅವರು ‘ಬೇಷ್ ಬಾರಿಸ್ತೀನಿ’ ಎಂದೇ ಕೇಳಿಸಿಕೊಂಡು, ಬಸವೇಶ್ವರನಗರದ ಆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವನ ಬೇಸನ್ನು ಬೇಷ್ ಅಂದವರು ಅವರೊಬ್ಬರೇ.

ಹಿಂದಿನ ವರ್ಷದ ಬೀಟ್ ಕಾಂಟೆಸ್ಟಿನಲ್ಲಿ ಐದು ಬ್ಯಾಂಡುಗಳ ಪೈಕಿ ಫೋರ್ತ್ ಬ್ಲಾಕಿಗೆ ಫೋರ್ತ್ ಪ್ಲೇಸು ಬಂದಿತ್ತು. ಐದನೆಯ ಬ್ಯಾಂಡಿನವರ ವ್ಯಾನು ದಾರಿಯಲ್ಲಿ ಕೆಟ್ಟು ಅವರು ಬಂದೇ ಇರಲಿಲ್ಲ.

ಈ ಸುದ್ದಿ ರೇವಣನ ಅಪ್ಪ ಚನ್ನವೀರಪ್ಪನವರಿಗೆ ಮುಟ್ಟಿತು. ಅವರದು ಹತ್ತಿ ವ್ಯಾಪಾರ. ಅಂಗಡಿ ದಾವಣಗೆರೆಯಲ್ಲಿ, ಗೋಡೌನು ರಾಜಾಜಿನಗರದಲ್ಲಿ. ಮಗನನ್ನು ಕರೆದು ಒಂದೇ ಮಾತು ಹೇಳಿದರು.

‘ನೋಡಪಾ, ಈ ಸಲ ನಿಮ್ಮ ಬ್ಯಾಂಡು ಗೆದ್ರ ನೀ ಬೆಂಗ್ಳೂರಾಗ ಇರು, ಏನರ ಮಾಡ್ಕ್ಯ. ಸೋತ್ರ ಮರುದಿನಾನ ಬಸ್ ಹತ್ತಿ, ಹತ್ತಿ ಅಂಗಡಿಗೆ ನಡಿ. ನಿಮ್ಮ ಕಾಕಾಗೂ ವಯಸ್ಸಾತು.’

ರೇವಣನಿಗೆ ದಾವಣಗೆರೆಯ ಗಾದಿ, ದಿಂಬಿಗೆ ಒರಗಿ ಕೂತ ಕಾಕಾ, ನೊಣ ಎಲ್ಲ ಕಣ್ಣಮುಂದೆ ಬಂದವು. ಆ ಗಾದಿಯ ಮೇಲೆ ಬೆಲ್ ಬಾಟಮ್ ಹಾಕಿಕೊಂಡು ಚಕ್ಕಳಮಕ್ಕಳ ಕೂರುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಗೆಲ್ಲಬೇಕು. ಗೆಲ್ಲಬೇಕಾದರೆ ಗುರು ಹೋಗಬೇಕು. ಅಂಜಿನಯ್ಯನೂ ಒಪ್ಪಿದ. ದೊಡ್ಡ ತಲೆಯಾಡಿಸಿದ. ಅದು ಒಪ್ಪಿಗೆಯೋ ತಾಳವೋ ಎಂದು ಯಾರೂ ಕೇಳಲಿಲ್ಲ.

ಆದರೆ ಹೇಳುವವರು ಯಾರು? ಬ್ಯಾಂಡು ಕಟ್ಟಿದವನೇ ಹೇಳಬೇಕೆಂದು ತೀರ್ಮಾನವಾಯಿತು. ರೇವಣ ಕನ್ನಡಿಯ ಮುಂದೆ ನಿಂತು ‘ನೀನು ಇನ್ಮೇಲೆ ಬರ್ಬೇಡ’ ಎಂದು ಮೂರು ದಿನ ಅಭ್ಯಾಸ ಮಾಡಿದ. ಯಾವ ಹಾಡನ್ನೂ ಅವನು ಅಷ್ಟು ಅಭ್ಯಾಸ ಮಾಡಿರಲಿಲ್ಲ. ಶನಿವಾರ ಸಂಜೆ ಗೋಡೌನಿನಲ್ಲಿ, ಹತ್ತಿ ಮೂಟೆಗಳ ನಡುವೆ, ಮಿಕ್ಕಿಬ್ಬರ ಎದುರೇ ಗುರುವನ್ನು ಕೂರಿಸಿಕೊಂಡ. ಪ್ರಾಕ್ಟೀಸು ನಡೆಯುವುದೂ ಅಲ್ಲೇ. ಹತ್ತಿ ಇದ್ದದ್ದರಿಂದ ಅಕ್ಕಪಕ್ಕದವರಿಗೆ ಕಾಟವಿರಲಿಲ್ಲ. ಇವರ ಹಾಡು ಜನರ ಕಿವಿಗೆ ಹತ್ತುವ ಬದಲು ಹತ್ತಿಗೇ ಹತ್ತುತ್ತಿತ್ತು.

‘ಗುರು, ಒಂದು ಮಾತು. ಕಾಂಟೆಸ್ಟ್ ಹತ್ರ ಬಂತು. ನಿನಗೂ ಆಫೀಸಲ್ಲಿ ಕೆಲಸ ಜಾಸ್ತಿ...’

‘ಆಫೀಸಲ್ಲಿ ಕೆಲಸಾನಾ?’ ಗುರು ಗಾಬರಿಯಾದ. ‘ಯಾರು ಹೇಳಿದ್ದು ನಿನಗೆ?’

‘ಹಾಗಲ್ಲ ಗುರು. ನಾವು ಮೂರು ಜನ ಕೂತು ಯೋಚ್ನೆ ಮಾಡಿದ್ವಿ. ನೀನಿನ್ನು...’

ಇಲ್ಲಿ ರೇವಣನ ನಾಲಿಗೆ ನಿಂತಿತು. ಹುಟ್ಟಿದಾಗಿನಿಂದ ಅವನ ಮನೆಯಲ್ಲಿ ಯಾರಿಗೂ ಯಾರೂ ‘ಹೋಗು’ ಎಂದಿರಲಿಲ್ಲ. ಹಾಲಿನವನಿಂದ ಹಿಡಿದು ಮಠದ ಅಯ್ಯನವರವರೆಗೆ ಹೊರಟವರಿಗೆಲ್ಲ ‘ಹೋಗಿ ಬನ್ನಿ’ ಎಂದೇ ಹೇಳಬೇಕು. ಬರೀ ‘ಹೋಗು’ ಅಂದರೆ ಅಪಶಕುನ, ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ ಮೊಟಕಿಸಿಕೊಂಡ ತಲೆ ಆ ಗಳಿಗೆಯಲ್ಲಿ ಕೈಕೊಟ್ಟಿತು.

‘ನೀನಿನ್ನು ಹೋಗಿ... ಬಾ ಗುರು.’

ಗುರು ಸ್ವಲ್ಪ ಹೊತ್ತು ಯೋಚಿಸಿದ. ‘ಆಯ್ತು’ ಎಂದ. ಗಿಟಾರನ್ನು ಗೋಡೆಗೆ ಒರಗಿಸಿ ಹೊರಟುಹೋದ. ಮೂವರೂ ಉಸಿರು ಬಿಟ್ಟರು.

‘ಹೇಳ್ಬಿಟ್ಯಲ್ಲ ಮಗಾ!’ ಎಂದು ಅಂಜಿನಯ್ಯ ರೇವಣನ ಬೆನ್ನು ತಟ್ಟಿದ.

ಬುಧವಾರ ಸಂಜೆ ಗುರು ಗೋಡೌನಿನ ಬಾಗಿಲಲ್ಲಿ ನಿಂತಿದ್ದ. ಹಣೆಗೆ ವಿಭೂತಿ, ಕೈಯಲ್ಲಿ ಪ್ರಸಾದದ ಪೊಟ್ಟಣ.

‘ಹೋಗಿ ಬಾ ಅಂದ್ಯಲ್ಲ. ಎಲ್ಲಿಗೆ ಅಂತ ಹೇಳ್ಲಿಲ್ಲ. ಸಿದ್ಧಗಂಗೆಗೆ ಹೋಗಿದ್ದೆ. ಕಾಂಟೆಸ್ಟ್‌ಗೆ ಮುಂಚೆ ಹರಕೆ ಹೊತ್ಕೊಂಡು ಬರ್ಲಿ ಅಂತ ತಾನೆ ನೀನು ಹೇಳಿದ್ದು? ಒಳ್ಳೆ ಐಡಿಯಾ ಕಣೋ.’ ಹೀಗೆ ಹೇಳಿ ಆಂಪ್ಲಿಫೈಯರಿಗೂ ಡ್ರಮ್ಮಿಗೂ ವಿಭೂತಿ ಹಚ್ಚಿದ. ಗಿಟಾರು ನೇತುಹಾಕಿಕೊಂಡು, ಎಲ್ಲರೂ ಶುರುಮಾಡಲಿ ಎಂದು ಕಾದು ನಿಂತ.

ಬಾಯಲ್ಲಿ ಆಗದ್ದು ಬರವಣಿಗೆಯಲ್ಲಿ ಆದೀತೆಂದು ರೇವಣ ಒಂದು ಪತ್ರ ಬರೆದು ಅಂಚೆಗೆ ಹಾಕಿದ. ‘ತಾವು ಇನ್ನು ಮುಂದೆ ತಂಡದಲ್ಲಿ ಮುಂದುವರಿಯುವ ಅಗತ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.’ ಗುಮಾಸ್ತನಿಗೆ ಪತ್ರ ಬರೆಯುವುದರಲ್ಲಿರುವ ಅಪಾಯ ಅವನಿಗೆ ಹೊಳೆದಿರಲಿಲ್ಲ. ನಾಲ್ಕು ದಿನಕ್ಕೆ ಅದೇ ಪತ್ರ ವಾಪಸ್ಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಷರಾ: ‘ಕಾರಣ ಕೇಳುವ ನೋಟೀಸನ್ನು ಲಗತ್ತಿಸಿರುವುದಿಲ್ಲ. ಅಲ್ಲದೆ, “ಅಗತ್ಯವಿಲ್ಲ” ಎಂದಿದೆಯೇ ಹೊರತು “ಅವಕಾಶವಿಲ್ಲ” ಎಂದಿರುವುದಿಲ್ಲ. ಅಗತ್ಯವಿಲ್ಲದಿದ್ದರೂ ಬರಬಹುದೆಂದು ಅರ್ಥೈಸಲಾಗಿದೆ. ಸ್ಪಷ್ಟನೆಗಾಗಿ ಹಿಂದಿರುಗಿಸಿದೆ.’ ಪತ್ರದ ಹಿಂದೆಯೇ ಗುರುವೂ ಬಂದ. ಅಗತ್ಯವಿಲ್ಲದಿದ್ದರೂ ಬಂದ.

ಕಾಂಟೆಸ್ಟಿಗೆ ಮೂರು ವಾರ ಉಳಿದಿತ್ತು. ಆ ದಿನದ ಪ್ರಾಕ್ಟೀಸಿನಲ್ಲಿ ಹಾಡಿನ ನಡುವೆ ‘ಢುಂ’ ಒಂದು ಬರಲೇ ಇಲ್ಲ. ಹಾಡು ಮುಗಿದು ಎಲ್ಲರೂ ಕೈ ಇಳಿಸಿದ ಮೇಲೆ ಬಂತು. ಅಂಜಿನಯ್ಯ ಕೋಲುಗಳನ್ನು ಕೆಳಗಿಟ್ಟ. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ, ಗೋಡೌನು ನಡುಗುವಂತೆ ಹೇಳಿದ:

‘ಏಯ್ ಗುರು, ನೀನು ಚೆನ್ನಾಗಿ ಬಾರ್ಸಲ್ಲ ಕಣೋ. ಬಿಟ್ಬಿಡು.’

ಗುರು ಗಿಟಾರಿನ ಪಟ್ಟಿಯನ್ನು ಹೆಗಲಿನಿಂದ ತೆಗೆದ. ಕರ್ಚೀಫಿನಿಂದ ತಂತಿಗಳನ್ನು ಒಂದೊಂದಾಗಿ ಒರೆಸಿದ.

‘ಇಷ್ಟೇನಾ?’ ಎಂದ. ‘ಇದನ್ನ ಹೇಳೋಕೆ ನನ್ನ ಸಿದ್ಧಗಂಗೆಗೆ ಯಾಕೆ ಕಳಿಸಿದ್ರಿ?’

ಈ ಸಲ ಹೊರಟಾಗ ಅವನಿಗೆ ‘ಹೋಗಿ ಬಾ’ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.

ಹೊಸ ಬೇಸಿನವರನ್ನು ತಂದದ್ದು ದೊಡ್ಡ. ಅವನ ಅಂಗಡಿಗೆ ಅನಂತಲಕ್ಷ್ಮಿ ಎಂಬಾಕೆ ರೆಕಾರ್ಡ್ ಪ್ಲೇಯರೊಂದನ್ನು ರಿಪೇರಿಗೆ ತಂದಿದ್ದಳು. ಜ್ಞಾನಭಾರತಿಯಲ್ಲಿ ಫಿಸಿಕ್ಸ್ ಎಂಎಸ್ಸಿ ಓದುತ್ತಿದ್ದಳು. ವಿಜಯನಗರದಲ್ಲಿ ಅಕ್ಕನ ಮನೆಯಲ್ಲಿದ್ದಳು. ‘ಇದರ ಸ್ಪೀಡ್ ಕಮ್ಮಿಯಾಗಿದೆ ಸಾರ್. ಹಾಡೆಲ್ಲ ಕಾಲು ಸ್ವರ ಕೆಳಗೆ ಬರ್ತಿದೆ’ ಎಂದಳು. ದೊಡ್ಡ ಮೀಟರು ಹಚ್ಚಿ ನೋಡಿದ. ಸರಿಯಾಗಿ ಕಾಲು ಸ್ವರ. ಆಕೆ ಹನ್ನೆರಡು ವರ್ಷ ವೀಣೆ ಕಲಿತವಳೆಂದು ತಿಳಿದಾಗ ದೊಡ್ಡ ಆ ತಿಂಗಳ ಮೊದಲ ವಾಕ್ಯವನ್ನಾಡಿದ:

‘ಬೇಸ್ ಬಾರಿಸ್ತೀರಾ?’

ಒಂದೇ ವಾರದಲ್ಲಿ ಆಕೆಗೆ ಬೇಸ್ ಗಿಟಾರು ಒಗ್ಗಿತು. ಭಾನುವಾರ ಬೆಳಿಗ್ಗೆ ಗೋಡೌನಿನಲ್ಲಿ ಪೂರ್ತಿ ಬ್ಯಾಂಡು ಸೇರಿತು. ಕಾಂಟೆಸ್ಟಿಗೆಂದು ರೇವಣ ತಾನೇ ಇಂಗ್ಲಿಷಿನಲ್ಲಿ ಬರೆದಿದ್ದ ಹಾಡು: ‘ಬೇಬಿ, ಐ ವೆಯ್ಟ್ ಫಾರ್ ಯೂ ಆನ್ ಮಾಗಡಿ ರೋಡ್’. ಅಂಜಿನಯ್ಯ ಹೊಡೆದ ಕಡೆಯೇ ಆಕೆಯ ಬೆರಳು ಬಿತ್ತು. ಕೂದಲೆಳೆಯ ಅಂತರವೂ ಇಲ್ಲ. ಇಷ್ಟು ದಿನ ಮಂಜಿನಲ್ಲಿದ್ದ ಹಾಡು ತೊಳೆದಿಟ್ಟ ತಟ್ಟೆಯಂತೆ ಹೊಳೆಯತೊಡಗಿತು. ಆ ತಟ್ಟೆಯ ನಡುವೆ ಒಂದು ಕಲೆ ಕಾಣಿಸಿತು.

ಅನಂತಲಕ್ಷ್ಮಿ ಕೈ ನಿಲ್ಲಿಸಿದಳು. ‘ಒಂದ್ನಿಮಿಷ ಸಾರ್. ಬೇಜಾರ್ ಮಾಡ್ಕೋಬೇಡಿ. “ಮಾಗಡಿ” ಅನ್ನೋ ತನಕ ನೀವು ಸರಿಯಾಗೇ ಇದೀರ. “ರೋಡ್” ಬಂದಾಗ ಕೆಳಗೆ ಬೀಳ್ತೀರ.’

‘ಆ ರೋಡೇ ಹಂಗೆ ಮೇಡಂ. ಹಳ್ಳ ಜಾಸ್ತಿ’ ಎಂದ ಅಂಜಿನಯ್ಯ.

ರೇವಣ ನಗಲಿಲ್ಲ. ‘ನನ್ನ ಸ್ಟೈಲೇ ಅದು. ಇಷ್ಟು ದಿನ ಯಾರೂ ಹೇಳ್ಲಿಲ್ಲ.’

ಹೇಳಲು ಯಾರಿಗೆ ಕೇಳಿಸಿತ್ತು? ಇಷ್ಟು ದಿನ ಎಲ್ಲರ ಕಿವಿಯೂ ಗುರುವಿನ ಢುಂ ಯಾವಾಗ ಬಂದೀತೆಂದು ಕಾಯುವುದರಲ್ಲೇ ಕಳೆದುಹೋಗಿತ್ತು. ಬ್ಯಾಂಡಿನಲ್ಲಿ ಏನು ಕೆಟ್ಟರೂ ಅದು ಗುರುವಿನ ಖಾತೆಗೆ ಹೋಗುತ್ತಿತ್ತು. ದೊಡ್ಡ ಮಾತಾಡದೆ ಮೂಲೆಗೆ ಹೋದ. ಅಂಗಡಿಯಿಂದ ತಂದಿದ್ದ ಸ್ಪೂಲ್ ಟೇಪ್‌ರೆಕಾರ್ಡರು ಅಲ್ಲಿ ತಿರುಗುತ್ತಿತ್ತು. ಅದನ್ನು ಹಿಂದಕ್ಕೆ ಸುತ್ತಿ ಹಾಕಿದ.

ಗಿಟಾರು ಚೆನ್ನಾಗಿತ್ತು. ಡ್ರಮ್ಸು ಚೆನ್ನಾಗಿತ್ತು. ಬೇಸು ಚೆನ್ನಾಗಿತ್ತು. ನಡುವೆ ಯಾರೋ ಬಸ್ಸಿನ ಹಿಂದೆ ಓಡುತ್ತಾ ಕಂಡಕ್ಟರನ್ನು ಕೂಗುತ್ತಿದ್ದರು.

‘ಅದ್ಯಾರೋ, ಮಧ್ಯೆ ಕೂಗ್ತಿರೋದು?’ ಎಂದು ಕೇಳಿದ ರೇವಣ.

‘ನೀನೇ’ ಎಂದ ದೊಡ್ಡ. ಅದು ಅವನ ಆ ತಿಂಗಳ ಎರಡನೆಯ ಮಾತು.

ಕಳಪೆ ಎಂಬುದು ಸರ್ಕಾರಿ ಹುದ್ದೆಯಂತೆ. ಇದ್ದವನು ಹೋದ ಕೂಡಲೇ ಸೀನಿಯಾರಿಟಿ ಪ್ರಕಾರ ಇನ್ನೊಬ್ಬನಿಗೆ ಬಡ್ತಿಯಾಗುತ್ತದೆ. ಅಂಜಿನಯ್ಯ ಸುಮ್ಮನೆ ಒಂದು ಸಲ ನೋಡೋಣವೆಂದು ಅನಂತಲಕ್ಷ್ಮಿಯ ಕೈಲಿ ಹಾಡಿಸಿದ. ಮಾಗಡಿ ರೋಡು ಮೊದಲಿಂದ ಕೊನೆಯವರೆಗೆ ಡಾಂಬರು ಹಾಕಿದಂತೆ ಸಾಗಿತು. ಹಾಡು ಮುಗಿದಾಗ ಅಂಜಿನಯ್ಯನೂ ದೊಡ್ಡನೂ ರೇವಣನ ಕಡೆ ನೋಡಲಿಲ್ಲ. ಹತ್ತಿ ಮೂಟೆಗಳ ಕಡೆ ನೋಡಿದರು.

‘ಯೋಚ್ನೆ ಮಾಡು ಮಗಾ’ ಎಂದಷ್ಟೇ ಹೇಳಿದ ಅಂಜಿನಯ್ಯ. ಅವನೂ ಮೆಲ್ಲಗೆ ಮಾತಾಡಬಲ್ಲ ಎಂಬುದು ರೇವಣನಿಗೆ ಅಂದೇ ಗೊತ್ತಾದದ್ದು. ಅದೇ ಹೆಚ್ಚು ಚುಚ್ಚಿತು.

ರೇವಣ ಯೋಚಿಸಿದ. ತಾನು ಹಾಡಿದರೆ ಬ್ಯಾಂಡು ಸೋಲುತ್ತದೆ, ದಾವಣಗೆರೆ. ತಾನು ಹಾಡದಿದ್ದರೆ ಬ್ಯಾಂಡು ಗೆಲ್ಲುತ್ತದೆ, ಬೆಂಗಳೂರು ಉಳಿಯುತ್ತದೆ. ಆದರೆ ಹಾಡದ ಹಾಡುಗಾರನಾಗಿ ಬೆಂಗಳೂರಿನಲ್ಲಿದ್ದು ಏನು ಮಾಡುವುದು? ಮೂರನೆಯದೊಂದು ದಾರಿ ಹೊಳೆಯಿತು. ಗುರುವನ್ನು ವಾಪಸ್ಸು ಕರೆತರುವುದು! ಅವನು ಮತ್ತೆ ತಡವಾಗಿ ಢುಂ ಎನ್ನತೊಡಗಿದರೆ ಎಲ್ಲರ ಕಿವಿಯೂ ಅತ್ತ ಹೋಗುತ್ತದೆ. ಸೋತರೂ ಅವನಿಂದ ಸೋತಂತಾಗುತ್ತದೆ. ಅಪ್ಪನಿಗೂ ಹಾಗೇ ಹೇಳಿ ಇನ್ನೊಂದು ವರ್ಷ ಬೇಡಿಕೊಳ್ಳಬಹುದು. ಇದಕ್ಕೆ ರೇವಣ ಮನಸ್ಸಿನಲ್ಲೇ ‘ಸ್ನೇಹ’ ಎಂದು ಹೆಸರಿಟ್ಟುಕೊಂಡು ಬಸವೇಶ್ವರನಗರದ ಬಸ್ಸು ಹತ್ತಿದ.

ಶಾಂತವ್ವ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ತಂದು ಮುಂದಿಟ್ಟರು. ‘ತಿನ್ರೀ. ನಮ್ಮ ಗುರುನ್ನ ಯಾಕ ಬಿಡಿಸಿದ್ರಿ? ಬೇಷ್ ಬಾರಸ್ತಿದ್ನಲ್ರಿ ಅಂವಾ?’

‘ಹೂಂ ಅವ್ವಾ. ಅದಕ್ಕೇ ಕರ್ಯಾಕೆ ಬಂದೀನಿ’ ಎಂದು ರೇವಣ ಬಾಯಿ ತುಂಬ ಮಂಡಕ್ಕಿ ತುಂಬಿಕೊಂಡ. ಅವರು ಒಳಗೆ ಹೋದ ಮೇಲೆ ಗುರುವಿನ ಕಡೆ ಬಾಗಿದ. ‘ವಾಪಸ್ ಬಾ ಗುರು. ನೀನಿಲ್ದೆ ಬ್ಯಾಂಡಿಗೆ ಕಳೆ ಇಲ್ಲ.’

‘ಆ ಹುಡುಗಿ ಚೆನ್ನಾಗಿ ಬಾರಿಸ್ತಾರಂತೆ?’

‘ಬಾರಿಸ್ತಾಳೆ. ಆದ್ರೆ ಏನಂದ್ರೆ... ತೀರಾ ಸರಿಯಾಗಿ ಬಾರಿಸ್ತಾಳೆ. ಫೀಲ್ ಇಲ್ಲ.’

ಗುರು ಕೇಳಿದ: ‘ನಿಜ ಹೇಳು. ನಾನು ಬಂದ್ರೆ ಗೆಲ್ತೀವಾ?’

ರೇವಣನ ಬಾಯಲ್ಲಿ ಮಂಡಕ್ಕಿ ಇತ್ತು. ಅದನ್ನು ಅಗಿಯಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಅಗಿದ.

‘ಅಲ್ಲಿಗೆ ಗೊತ್ತಾಯ್ತು ಬಿಡು’ ಎಂದ ಗುರು. ‘“ರೋಡ್” ಅನ್ನೋ ಹತ್ರ ನೀನು ಇಳಿಯೋದು ಅವರಿಗೆಲ್ಲ ಕೇಳಿಸ್ತಾ? ಅದಕ್ಕೆ ತಾನೆ ಬಂದಿದ್ದು?’

ರೇವಣ ತಟ್ಟೆ ಕೆಳಗಿಟ್ಟ. ‘ನಿನಗೆ ಗೊತ್ತಿತ್ತಾ?’

‘ಮೂರು ವರ್ಷ ನಿನ್ನ ಪಕ್ಕದಲ್ಲೇ ನಿಂತಿದ್ದೆನಲ್ಲೋ. ಎಲ್ಲರದ್ದೂ ಪೂರ್ತಿ ಕೇಳಿಸ್ಕೊಂಡೇ ತಾನೆ ನಾನು ಬಾರಿಸ್ತಿದ್ದಿದ್ದು.’

‘ಮತ್ತೆ ಯಾಕೋ ಹೇಳ್ಲಿಲ್ಲ?’

‘ನೀವು ನನಗೆ ಹೇಳಿದ್ರಾ? ಅಂಜಿನಯ್ಯ ಒಬ್ಬ ಹೇಳ್ದ. ಆವತ್ತು ಅಳು ಬಂತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಬಸ್ಸಲ್ಲಿ ಕೂತಾಗ ಅನ್ನಿಸ್ತು, ಅವನೇ ಕಣೋ ನನಗೆ ಮರ್ಯಾದೆ ಕೊಟ್ಟಿದ್ದು. ನೀನು ಬರೀ ಸಿದ್ಧಗಂಗೆಗೆ ಟಿಕೆಟ್ ಕೊಟ್ಟೆ.’ ಗುರು ಎದ್ದು ನಿಂತ. ‘ಅದಕ್ಕೇ ಈಗ ಹೇಳ್ತಿದೀನಿ. ಹಾಡ್ಬೇಡ ರೇವಣ. ನಾನೂ ಬರಲ್ಲ.’

ಮಾರನೆಯ ದಿನ ರೇವಣ ಗೋಡೌನಿಗೆ ಹೋಗಿ, ಯಾರ ಮುಖವನ್ನೂ ನೋಡದೆ, ‘ಅನಂತಲಕ್ಷ್ಮಿಯವರೇ ಹಾಡ್ಲಿ’ ಎಂದ. ಆದರೆ ಅಪ್ಪ ಹೇಳಿದ್ದು ‘ನಿಮ್ಮ ಬ್ಯಾಂಡು ಗೆದ್ರ’ ಎಂದು. ಅದು ತನ್ನ ಬ್ಯಾಂಡು ಎನ್ನಿಸಿಕೊಳ್ಳಬೇಕಾದರೆ ತಾನು ಸ್ಟೇಜಿನ ಮೇಲಂತೂ ಇರಲೇಬೇಕು. ಅಂಜಿನಯ್ಯ ಹುಡುಕಿ ಅವನ ಕೈಗೆ ಒಂದು ಟ್ಯಾಂಬೊರೀನ್ ಕೊಟ್ಟ, ಗೆಜ್ಜೆ ಬಿಲ್ಲೆ ಸಿಕ್ಕಿಸಿದ ಕಂಜಿರದಂಥದ್ದು.

‘ಇದನ್ನ ಯಾವಾಗ ಹೊಡೀಬೇಕು?’

‘ಹೊಡೀಬಾರ್ದು ಮಗಾ. ಹಿಡ್ಕೋಬೇಕು. ಅಲ್ಲಾಡಿಸ್ಲೂ ಬಾರ್ದು.’

ಕಾಂಟೆಸ್ಟಿನ ಸಂಜೆ ಸಭಾಂಗಣ ತುಂಬಿತ್ತು. ಬೆಲ್ ಬಾಟಮ್ಮುಗಳ ಸಾಗರದ ಮಧ್ಯೆ, ಮೂರನೆಯ ಸಾಲಿನಲ್ಲಿ, ಕಚ್ಚೆಪಂಚೆ, ಕ್ಲೋಸ್ ಕಾಲರ್ ಕೋಟು, ರುಮಾಲಿನಲ್ಲಿ ಚನ್ನವೀರಪ್ಪನವರು ಒಬ್ಬರೇ ನೆಟ್ಟಗೆ ಕೂತಿದ್ದರು. ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸಿನ ಸಮಯವನ್ನು ಅವರು ಆಗಲೇ ವಿಚಾರಿಸಿಕೊಂಡಿದ್ದರು.

ಹಾಡು ಶುರುವಾಯಿತು. ಮೊದಲ ಸಾಲಿಗೇ ಗುಸುಗುಸು ನಿಂತಿತು. ದೊಡ್ಡನ ಗಿಟಾರಿಗೆ ಕಂಟೋನ್ಮೆಂಟಿನ ಹುಡುಗರು ಎದ್ದು ನಿಂತರು. ರೇವಣ ಪಕ್ಕದಲ್ಲಿ ಟ್ಯಾಂಬೊರೀನನ್ನು ಆರತಿ ತಟ್ಟೆಯಂತೆ ಹಿಡಿದು ನಿಂತಿದ್ದ. ಎರಡನೆಯ ಚರಣ ಸುಖವಾಗಿ ಕಳೆಯಿತು. ಮೂರನೆಯದರಲ್ಲಿ ಜನ ಚಪ್ಪಾಳೆಯ ತಾಳ ಹಾಕತೊಡಗಿದರು. ರೇವಣನ ಎದೆ ಉಬ್ಬಿತು. ಇಷ್ಟು ಜನ, ಇಷ್ಟು ಬೆಳಕು, ತಾನು ಬರೆದ ಹಾಡು. ಅವನ ಬಲಗೈ ತಾನಾಗಿ ಮೇಲೆದ್ದಿತು. ಇನ್ನೊಂದೇ ಸಾಲು, ‘ರೋಡ್’ ಬರುತ್ತದೆ. ಒಂದು ಸಲ, ಒಂದೇ ಒಂದು ಸಲ ಹೊಡೆದರೆ ಏನಾದೀತು?

ಮೂರನೆಯ ಸಾಲಿನಲ್ಲಿ ರುಮಾಲು ಸ್ವಲ್ಪ ಮುಂದಕ್ಕೆ ಬಾಗಿದ್ದು ಅವನಿಗೆ ಕಾಣಿಸಿತು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು, ಮೆಲ್ಲಗೆ ಇಳಿಸಿದ. ಬಿಲ್ಲೆಯೊಂದೂ ಸದ್ದು ಮಾಡಲಿಲ್ಲ. ಅವನ ಜೀವನದಲ್ಲಿ ಸರಿಯಾದ ಸಮಯಕ್ಕೆ ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ಫೋರ್ತ್ ಬ್ಲಾಕಿಗೆ ಫಸ್ಟ್ ಪ್ರೈಜು ಬಂತು. ಕಪ್ಪನ್ನು ನಾಲ್ವರೂ ಹಿಡಿದು ಫೋಟೋ ತೆಗೆಸಿಕೊಂಡರು. ಜನವೆಲ್ಲ ಅನಂತಲಕ್ಷ್ಮಿಯ ಸುತ್ತ, ದೊಡ್ಡನ ಸುತ್ತ ಮುತ್ತಿದಾಗ ಚನ್ನವೀರಪ್ಪನವರು ನಿಧಾನವಾಗಿ ಸ್ಟೇಜಿನ ಮೆಟ್ಟಿಲು ಹತ್ತಿ ಮಗನ ಹತ್ತಿರ ಬಂದರು.

‘ನೋಡಪಾ, ಎಲ್ಲಾರೂ ಏನರ ಒಂದು ಬಾರಿಸಿದ್ರು. ಆ ಹುಡುಗಿ ಹಾಡೂ ಹಾಡಿದ್ಲು. ನೀ ಏನ್ ಮಾಡ್ದಿ?’

ರೇವಣನಿಗೆ ಹತ್ತು ಸುಳ್ಳು ಹೊಳೆದವು. ಒಂದನ್ನೂ ಹೇಳಲಿಲ್ಲ.

‘ಏನೂ ಮಾಡ್ಲಿಲ್ಲಪ್ಪಾ. ಮಾಡಿದ್ರೆ ಸೋಲ್ತಿದ್ವಿ.’

ಚನ್ನವೀರಪ್ಪನವರು ಮಗನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಹತ್ತಿಯ ದರ್ಜೆ ನೋಡುವ ಹಾಗೆ.

‘ಅಂಗಡ್ಯಾಗ ಕುಂತ್ರೂ ನೀ ಅದನ್ನ ಮಾಡ್ತಿದ್ದಿ ತಗಿ’ ಎಂದರು. ‘ಅಲ್ಲ್ಯಾದ್ರ ಯಾರೂ ಕಪ್ ಕೊಡ್ತಿರಲಿಲ್ಲ. ಇಲ್ಲೇ ಇರು.’